ಹಳದಿ ತಂತಿ

ನಮ್ಮೂರಿನಲ್ಲಿ ‘ಬೇಗ’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಬೈಗುಳವನ್ನಾದರೂ ಸಹಿಸಿಕೊಂಡೇವು, ಆ ಮಾತನ್ನಲ್ಲ. ಅವಸರ ಮಾಡಿದವರಿಗೆ ನಮ್ಮ ರಸ್ತೆಗಳು ಉದ್ದವಾಗುತ್ತವೆ, ಅಷ್ಟೇ ವಿಷಯ. ಗಂಟೆ ಹೊಡೆಯಿತೆಂದು ಓಡಿದ ಮಕ್ಕಳು ಶಾಲೆ ಮುಟ್ಟುವಾಗ ಮಧ್ಯಾಹ್ನವಾಗಿರುತ್ತದೆ. ಗೋಲಿ ಆಡುತ್ತ ಬಂದವರು ಪ್ರಾರ್ಥನೆಗೆ ಸರಿಯಾಗಿ ನಿಂತಿರುತ್ತಾರೆ. ಮೆಚ್ಚಿದ ಹುಡುಗಿಯನ್ನು ನೋಡಲು ಪಕ್ಕದ ಬೀದಿಗೆ ಹೊರಟವನು ಸಂಜೆಯಾದರೂ ತಲುಪದೆ ಮುಖ ಬಾಡಿಸಿಕೊಂಡು ನಡೆಯುತ್ತಿದ್ದರೆ ಹಿರಿಯರು ಕಿಟಕಿಯಿಂದ ನೋಡಿ, ಇವನದು ನಿಜವಾದದ್ದೇ ಎಂದು ಮದುವೆಗೆ ಒಪ್ಪಿಬಿಡುತ್ತಾರೆ. ಡಾಕ್ಟರನ್ನು ಕರೆತರಲು ಮನೆಯವರು ಹೋಗುವುದಿಲ್ಲ. ಯಾರಿಗೆ ಏನಾದರೂ ತನಗೇನು ಎನ್ನುವವನೊಬ್ಬ ಪ್ರತಿ ಬೀದಿಯಲ್ಲೂ ಇರುತ್ತಾನಲ್ಲ, ಅವನನ್ನು ಕಳಿಸುತ್ತೇವೆ. ಬೇರೆ ಊರುಗಳಲ್ಲಿ ಅಂಥವರನ್ನು ಏನೆಂದು ಕರೆಯುತ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಅವರಿಗೆ ತುಂಬ ಮರ್ಯಾದೆ.

ನಾನು ಅಂಥವನೇ ಎಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ. ನನ್ನ ಹೆಸರು ಚಿಕ್ಕೀರಪ್ಪ. ಹದಿನಾಲ್ಕು ವರ್ಷದಿಂದ ಊರಿನ ಆಸ್ಪತ್ರೆ ಗಾಡಿ ಓಡಿಸುತ್ತಿದ್ದೇನೆ. ಗಾಡಿ ಎಂದರೆ ದೊಡ್ಡದೇನಲ್ಲ, ಮೂರು ಚಕ್ರದ ಕರೆಂಟು ಆಟೋ. ಹಿಂದೆ ಒಬ್ಬರು ಮಲಗುವಷ್ಟು ಹಲಗೆ, ಅದರ ಪಕ್ಕ ಇನ್ನೊಬ್ಬರು ಕೂರಲು ಒಂದು ಸೀಟು. ಆಸ್ಪತ್ರೆ ಇರುವುದು ಊರಾಚೆ ನೀರಿನ ಟ್ಯಾಂಕಿನ ಬುಡದಲ್ಲಿ. ಮನಸ್ಸು ತಣ್ಣಗಿದ್ದರೆ ಹನ್ನೊಂದು ಕಿಲೋಮೀಟರ್. ಇಲ್ಲದಿದ್ದರೆ ಇಷ್ಟೇ ಎಂದು ಹೇಳಲು ಬರುವುದಿಲ್ಲ.

ಮಲಗಿದ ರೋಗಿಯ ಆತಂಕವೇ ರಸ್ತೆಯನ್ನು ಎಳೆಯುವುದು ಎಂದು ಊರಿನವರ ತೀರ್ಮಾನ. ಅದಕ್ಕೇ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಸಿದ್ಧಗಂಗ ಕೂರುತ್ತಾಳೆ. ಅವಳ ಕೆಲಸ ಮಾತಾಡುವುದು. ಬೇರೆ ಕೆಲಸವನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ, ಇದನ್ನಂತೂ ಕಲಿಸಬೇಕಾಗಿರಲೇ ಇಲ್ಲ. ಹೆರಿಗೆ ನೋವಿನವಳಿಗೆ ತನ್ನ ಅಕ್ಕನ ಮನೆಯ ಬೆಕ್ಕು ಮೀನಿನಂಗಡಿಯಲ್ಲಿ ಮೂರು ದಿನ ಕೂಡಿಹಾಕಲ್ಪಟ್ಟ ಕಥೆ ಹೇಳುತ್ತಾಳೆ. ಕಾಲು ಮುರಿದವನಿಗೆ ಉಪ್ಪಿನಕಾಯಿಗೆ ಸಾಸಿವೆ ಹುರಿಯಬೇಕೋ ಬೇಡವೋ ಎಂದು ವಾದ ಹೂಡುತ್ತಾಳೆ. ನಾನು ಮುಂದೆ ಕೂತು ಹ್ಯಾಂಡಲ್ ಹಿಡಿದಿರುತ್ತೇನೆ. ನಮ್ಮಿಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದುದರಿಂದ ನನಗೆ ಬಾಯಿ ತೆರೆಯುವ ಪ್ರಮೇಯವೇ ಬಂದಿರಲಿಲ್ಲ.

ಹೋದ ತಿಂಗಳು ಬಡಗಿ ಸುಬ್ರಾಯಾಚಾರಿಗೆ ಎದೆನೋವು ಬಂತು. ನಮ್ಮ ಮನೆಯ ಬಾಗಿಲು ಮಾಡಿದವರು, ಮೆತ್ತಗಿನ ಮನುಷ್ಯ. ಆ ದಿನ ಸಿದ್ಧಗಂಗಳಿಗೆ ಗಂಟಲು ಊದಿ ಮಾತು ಹೊರಡುತ್ತಿರಲಿಲ್ಲ, ಕಷಾಯ ಕುಡಿದು ಮನೆಯಲ್ಲೇ ಮಲಗಿದ್ದಳು. ಸೀಟಿನಲ್ಲಿ ಆಚಾರಿಯ ಹೆಂಡತಿ ಕೂತಿದ್ದರು. ಆಕೆ ಸೆರಗು ಕಚ್ಚಿಕೊಂಡು ಒಂದು ಮಾತೂ ಆಡಲಿಲ್ಲ, ಆಚಾರಿಯೂ ನರಳಲಿಲ್ಲ. ಆದರೂ ರಸ್ತೆ ಬೆಳೆಯುತ್ತಲೇ ಹೋಯಿತು. ಟ್ಯಾಂಕು ಕಣ್ಣಿಗೆ ಕಾಣುತ್ತಿರುವಾಗಲೇ ಬ್ಯಾಟರಿ ಸತ್ತು ಗಾಡಿ ನಿಂತಿತು. ನಾನು ಇಳಿದು ತಳ್ಳಿದೆ. ಆಚಾರಿ ದಾರಿಯಲ್ಲೇ ಹೋದರು.

ಹಳೇ ಬ್ಯಾಟರಿಯೇ ಕೊಂದಿತು ಎಂದು ಊರು ಹೇಳಿತು. ಎಲ್ಲರಿಗಿಂತ ಜೋರಾಗಿ ನಾನು ಹೇಳಿದೆ. ಸೀಸದ ಬ್ಯಾಟರಿಗಳು, ನಾಲ್ಕು, ಒಂದೊಂದೂ ಅಕ್ಕಿ ಮೂಟೆಯಂತೆ ಭಾರ. ಹೊಸದಾಗಿದ್ದಾಗ ಅರವತ್ತು ಕಿಲೋಮೀಟರ್ ಎಳೆಯುತ್ತಿದ್ದವು, ಈಗ ಮೂವತ್ತಕ್ಕೆ ಏದುಸಿರು ಬಿಡುತ್ತಿದ್ದವು. ಅವನ್ನು ಕಿತ್ತು ಲಿಥಿಯಂ ಹಾಕುವುದೆಂದು ನಿರ್ಧಾರವಾಗಿ, ಮೋಟಾರು ರಿಪೇರಿಯ ದಸ್ತಗಿರಿಯನ್ನು ಕರೆಸಿದೆ. ದಸ್ತಗಿರಿ ಬೇರೆ ಊರಲ್ಲಿ ನಾಲ್ಕು ವರ್ಷ ಇದ್ದು ಕೆಲಸ ಕಲಿತು ಬಂದವನು; ಒಂದು ಬೋಲ್ಟು ಬಿಚ್ಚಲು ಎರಡು ಬೀಡಿ ಸೇದುವವನು. ಅವನು ಗಾಡಿಯ ಹೊಟ್ಟೆಯೊಳಗೆ ಇಣುಕಿ ತಲೆಯಾಡಿಸಿದ.

"ಬರೀ ಬ್ಯಾಟ್ರಿ ಬದಲಾಯ್ಸಿದ್ರೆ ಆಗಲ್ಲ ಚಿಕ್ಕೀರಣ್ಣ. ಇದುವರೆಗೂ ನಿಂದು ನಲವತ್ತೆಂಟು ವೋಲ್ಟು. ಹೊಸದು ಅರವತ್ತು. ನಿನ್ನ ಹಳೇ ಕಂಟ್ರೋಲರ್‌ಗೆ ಇದನ್ನ ಕೊಟ್ರೆ ಹೊಟ್ಟೆ ಒಡ್ಕೊಂಡು ಸಾಯ್ತದೆ. ಅದನ್ನೂ ತೆಗೀಬೇಕು."

ಕಂಟ್ರೋಲರ್ ಎಂದರೆ ಬ್ಯಾಟರಿಯ ಕರೆಂಟನ್ನು ಅಳೆದು ಮೋಟಾರಿಗೆ ಬಡಿಸುವ ಪೆಟ್ಟಿಗೆ. ಆ ಪೆಟ್ಟಿಗೆ ಕೂರಿಸಲು ನಮಗೆ ಎರಡು ದಿನ ಹಿಡಿಯಿತು. ಸಿದ್ಧಗಂಗ ಆಗ ಅಕ್ಕನ ಮನೆಗೆ ಹೋಗಿದ್ದಳು. ಆ ಎರಡು ದಿನದಲ್ಲಿ ಮನೆಯ ಹಿಂದೆ ಒಂದು ಅನಾಹುತವಾಗಿ, ಅವಳು ಮಗುವಿನಂತೆ ನೋಡಿಕೊಂಡಿದ್ದ ನುಗ್ಗೆ ಮರ ಬುಡಸಮೇತ ಉರುಳಿತು. ಅವಳು ಬಂದು ಕೇಳಿದಾಗ "ಗಾಳಿಗೆ" ಎಂದೆ. ಗಾಡಿಗೆ ಏನೇನು ಮಾಡಿದಿರಿ ಎಂದು ಕೇಳಿದಾಗ "ಏನಿಲ್ಲ" ಎಂದೆ. ಮರದ ಬುಡದಲ್ಲಿ ಉಳಿದಿದ್ದ ಗುರುತು ಕಾಣದಂತೆ ಅದರ ಮೇಲೆ ಹಳೇ ಬ್ಯಾಟರಿಗಳನ್ನು ಜೋಡಿಸಿಟ್ಟೆ. ಅವನ್ನು ಅಲ್ಲಿಂದ ತೆಗೆಯಿರಿ, ಆ ಜಾಗದಲ್ಲಿ ಹೊಸ ನುಗ್ಗೆ ಕೊಂಬೆ ನೆಡಬೇಕು ಎಂದು ಅವಳು ದಿನಾ ಹೇಳುತ್ತಿದ್ದಳು. ಸಾವಕಾಶವಾಗಿ ಮಾಡಿದರಾಯಿತು ಎಂದೆ. ನಮ್ಮೂರಿನಲ್ಲಿ ಈ ಮಾತಿಗೆ ಯಾರೂ ಎದುರಾಡುವಂತಿಲ್ಲ.

ಹೊಸ ಕಂಟ್ರೋಲರ್ ಜೊತೆ ಒಂದು ಪುಟ್ಟ ಪರದೆಯೂ ಬಂದಿತ್ತು. ಬ್ಯಾಟರಿ ನೂರಕ್ಕೆ ಎಷ್ಟು ಉಳಿದಿದೆ ಎಂದು ಅದರಲ್ಲಿ ಅಂಕಿ ಹೊಳೆಯುತ್ತದೆ. ಸಿದ್ಧಗಂಗ ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹಣೆಯಿಂದ ತನ್ನ ದೊಡ್ಡ ಸ್ಟಿಕರ್ ಬಿಂದಿ ಕಿತ್ತು ಆ ಅಂಕಿಯ ಮೇಲೆ ಅಂಟಿಸಿಬಿಟ್ಟಳು.

"ಇದನ್ನ ನೋಡ್ಕೊಂಡು ಗಾಡಿ ಓಡಿಸೋಕಾಗುತ್ತೇನ್ರೀ? ಇದು ಇಳಿಯೋದ್ನ ನೋಡ್ತಾ ನೋಡ್ತಾ ರಸ್ತೆ ಆ ಕಡೆ ದೇಶಕ್ಕೇ ಹೋಗಿರುತ್ತೆ" ಎಂದಳು.

ಹತ್ತು ದಿನ ಎಲ್ಲ ಸರಿಯಾಗಿತ್ತು. ಬ್ಯಾಟರಿ ಒಂದು ಸಲ ತುಂಬಿಸಿದರೆ ನೂರರವತ್ತು ಕಿಲೋಮೀಟರ್. ಇನ್ನು ನಮ್ಮ ರಸ್ತೆ ಎಷ್ಟು ಬೇಕಾದರೂ ಬೆಳೆಯಲಿ ಎಂದು ನಾನು ಮೀಸೆ ತಿರುವಿಕೊಂಡು ಓಡಾಡಿದೆ.

ಹನ್ನೊಂದನೆಯ ದಿನ, ಊಟದ ಹೊತ್ತಿಗೆ ಮುಂಚೆ, ನಾನು ಗಾಡಿ ಒರೆಸುತ್ತಿದ್ದೆ. ಹಿತ್ತಲಿನಿಂದ ಸಿದ್ಧಗಂಗ ಕರೆದಳು. ಕೂಗಲಿಲ್ಲ, ಕರೆದಳು, ಅಷ್ಟೆ. ಹೋಗಿ ನೋಡಿದರೆ ಎರಡು ಬ್ಯಾಟರಿಗಳನ್ನು ತಾನೇ ಎಳೆದು ಪಕ್ಕಕ್ಕಿಟ್ಟಿದ್ದಾಳೆ, ಕೈಯಲ್ಲಿ ನುಗ್ಗೆ ಕೊಂಬೆ ಇದೆ. ಮೂರನೆಯ ಬ್ಯಾಟರಿಯ ಸಂದಿಗೆ ಹಾವಿನ ಬಾಲ ಸರಿದುಹೋಗುತ್ತಿದ್ದುದನ್ನು ನಾನೂ ಕಂಡೆ. ನಾಗರ. ಅವಳು ಬಲಗೈ ಚಾಚಿ ತೋರಿಸಿದಳು. ಹೆಬ್ಬೆರಳ ಕೆಳಗೆ ಎರಡು ಚುಕ್ಕೆ.

"ಕಚ್ಚಿಬಿಡ್ತು ಕಣ್ರೀ. ಗಾಡಿ ತೆಗೀರಿ. ಸಾವಕಾಶ."

ಕೈ ಅಲುಗಾಡದಂತೆ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿದೆ, ಹಲಗೆಯ ಮೇಲೆ ಮಲಗಿಸಿದೆ. ಇಂಥದ್ದನ್ನೆಲ್ಲ ನೂರು ಜನಕ್ಕೆ ಮಾಡಿದ್ದೇನೆ. ಆ ದಿನ ಮಾತ್ರ ಗಂಟು ಬೀಳಲಿಲ್ಲ, ಮೂರು ಸಲ ಕಟ್ಟಿದೆ. ಸೀಟು ಖಾಲಿಯಾಗಿತ್ತು. ಅಲ್ಲಿ ಕೂರಬೇಕಾದವಳು ಪಕ್ಕದ ಹಲಗೆಯ ಮೇಲಿದ್ದಳು. ಯಾರನ್ನಾದರೂ ಕರೆಯೋಣವೆಂದರೆ ಅವರು ಚಪ್ಪಲಿ ಮೆಟ್ಟಿ ಬರುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಹೊರಟುಬಿಟ್ಟೆ.

ಊರು ದಾಟಿ ಇಟ್ಟಿಗೆ ಗೂಡಿನವರೆಗೆ ಹೇಗೋ ಬಂದೆವು. ಅಲ್ಲಿಂದ ಮುಂದೆ ಒಂದು ಬೇಲಿ, ಬೇಲಿಯ ಮೇಲೆ ಯಾರೋ ಒಣಹಾಕಿದ್ದ ಹಸಿರು ಸೀರೆ. ನಾನು ಕಂಟ್ರೋಲರಿನ ಮೂರನೆಯ ಗುಂಡಿ ಒತ್ತಿದೆ, ಜೋರು ಓಟದ ಗುಂಡಿ. ಗಾಡಿ ಐವತ್ತರ ವೇಗದಲ್ಲಿ ನುಗ್ಗುತ್ತಿದೆ, ಗಾಳಿ ಕಿವಿಗೆ ಬಡಿಯುತ್ತಿದೆ. ಪಕ್ಕದಲ್ಲಿ ಮಾತ್ರ ಆ ಹಸಿರು ಸೀರೆ ಹಾಗೇ ಇದೆ. ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವಷ್ಟರಲ್ಲಿ ನನ್ನ ಅಂಗಿ ಬೆವರಿಗೆ ಮೈಗಂಟಿಕೊಂಡಿತ್ತು.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಉಗುರಿನಿಂದ ಕೆರೆದು ಬಿಂದಿ ಕಿತ್ತೆ. ಅಂಕಿ ಎಪ್ಪತ್ತೊಂದು. ರಾತ್ರಿಯೇ ಪೂರ್ತಿ ತುಂಬಿಸಿದ್ದೆ, ಮನೆಯಿಂದ ಹೊರಟಾಗ ನೂರಿತ್ತು.

"ಯಾಕ್ರೀ ತೆಗೆದ್ರಿ ಅದನ್ನ?" ಎಂದಳು ಹಿಂದಿನಿಂದ.

"ಏನಿಲ್ಲ, ಸುಮ್ನೆ."

"ಸುಮ್ನೆ ಅಲ್ಲ. ಅಂಟಿಸಿ ವಾಪಸ್ಸು."

ನಾನು ಅಂಟಿಸಲಿಲ್ಲ. ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಂದ ಏಳುತ್ತಿರಲಿಲ್ಲ. ಅರವತ್ತೆಂಟು. ಅರವತ್ತನಾಲ್ಕು. ಸೀರೆ ಮುಗಿದು ಬರಿಯ ಬೇಲಿ ಶುರುವಾಯಿತು, ಬೇಲಿ ಮುಗಿಯಲೇ ಇಲ್ಲ. ದೂರದಲ್ಲಿ ಟ್ಯಾಂಕು ಕಾಣುತ್ತಿತ್ತು, ಹೆಬ್ಬೆರಳಿನಷ್ಟು. ಐವತ್ತೈದಾದಾಗಲೂ ಹೆಬ್ಬೆರಳಿನಷ್ಟೇ ಇತ್ತು. ಸತ್ತ ಆಚಾರಿಯ ಮುಖ ನೆನಪಾಯಿತು. ನನ್ನ ಹೆಂಡತಿಯೂ ಇದೇ ಹಲಗೆಯ ಮೇಲೆ ಹೀಗೇ ಹೋಗುತ್ತಾಳೆ, ನನ್ನ ಸುಳ್ಳಿನ ಕೆಳಗೆ ಮಲಗಿದ್ದ ಹಾವು ಕಚ್ಚಿ ಹೋಗುತ್ತಾಳೆ ಎಂದುಕೊಂಡದ್ದೇ ತಡ, ಕಣ್ಣೆದುರೇ ರಸ್ತೆ ಉದ್ದುದ್ದ ಚಾಚಿಕೊಂಡಿತು.

"ನಮ್ಮಕ್ಕನ ಮನೆ ಬೆಕ್ಕು ಮರಿ ಹಾಕಿದೆ, ಹೇಳಿದ್ನಾ?" ಎಂದಳು ಸಿದ್ಧಗಂಗ.

ನನಗೆ ಸಿಟ್ಟು ಬಂತು. "ಸುಮ್ನೆ ಮಲ್ಗು. ಮಾತಾಡಿ ಆಯಾಸ ಮಾಡ್ಕೋಬೇಡ."

"ಐದು ಮರಿ. ಅದ್ರಲ್ಲಿ ಒಂದಕ್ಕೆ ಮೀಸೆ ಒಂದೇ ಕಡೆ. ನಮ್ಮ ಭಾವ ಅದಕ್ಕೆ ನಿಮ್ಮ ಹೆಸರಿಟ್ಟವ್ರೆ."

ಬೇಲಿ ಮುಗಿದು ಸಣ್ಣ ಸೇತುವೆ ಕಂಡಿತು. ನನಗೆ ನಗು ಬಂದಿತ್ತೋ ಏನೋ, ಗಮನಿಸಲಿಲ್ಲ. ಆದರೆ ಅಷ್ಟರಲ್ಲಿ ಅವಳ ಮಾತು ಎಡವತೊಡಗಿತು. ಹಿಂತಿರುಗಿ ನೋಡಿದೆ. ಅವಳ ರೆಪ್ಪೆಗಳು ಅರ್ಧ ಇಳಿದಿದ್ದವು. ಎತ್ತಲು ನೋಡುತ್ತಿದ್ದಾಳೆ, ಏಳುತ್ತಿಲ್ಲ. ಕಂಡಿದ್ದ ಸೇತುವೆ ಮತ್ತೆ ದೂರಕ್ಕೆ ಸರಿದುಬಿಟ್ಟಿತು. ನಲವತ್ತೊಂದು. ಮೂವತ್ತಾರು.

"ಹೆದ್ರಬೇಡ ಗಂಗಾ, ನೀನು ಹೆದ್ರಿದ್ರೆ ರಸ್ತೆ ಉದ್ದ ಆಗುತ್ತೆ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನಾನೆಲ್ಲಿ ಹೆದ್ರಿದೀನಿ?" ಎಂದಳು. ಒಂದೊಂದು ಮಾತನ್ನೂ ಭಾರ ಎತ್ತಿದಂತೆ ಎತ್ತಿಡುತ್ತಿದ್ದಳು. "ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ ಅಂದ್ಕೊಂಡ್ರಿ? ನೋವಲ್ಲಿ ಮಲಗಿದ್ದೋರಿಗೆ ಬೆಕ್ಕಿನ ಕಥೆ ಯಾಕ್ರೀ? ನಿಮ್ಮ ಹತ್ರ ಮಾತಾಡ್ತಿದ್ದೆ. ಹಿಂದೆ ಕೂತು ನಿಮ್ಮ ಭುಜ ನೋಡ್ತಿದ್ದೆ. ಭುಜ ಮೇಲಕ್ಕೆದ್ರೆ ಇನ್ನೊಂದು ಕಥೆ ತೆಗೀತಿದ್ದೆ. ಈ ರಸ್ತೆ ನೋಡೋದು ಹ್ಯಾಂಡಲ್ ಹಿಡಿದೋರನ್ನ ಕಣ್ರೀ, ಮಲಗಿದೋರನ್ನಲ್ಲ."

"ಹಂಗಾದ್ರೆ ಆಚಾರ್ರು..."

"ಅವತ್ತು ನಾನು ಬಂದಿರ್ಲಿಲ್ಲ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹದಿನಾಲ್ಕು ವರ್ಷ ನಾನು ಕಲ್ಲುಗುಂಡಿಗೆಯವನೆಂದು ಊರಿನಿಂದ ನಮಸ್ಕಾರ ಹಾಕಿಸಿಕೊಂಡಿದ್ದೆ. ಆಚಾರಿಯ ಹೆಂಡತಿಯ ಮುಂದೆ ನಿಂತು ಬ್ಯಾಟರಿಯನ್ನು ಬೈದಿದ್ದೆ. ಅಂದು ಮುಂದೆ ಕೂತು ಒಳಗೊಳಗೇ ನಡುಗುತ್ತಿದ್ದವನು ನಾನು.

"ಈಗ ನೀವೇ ಮಾತಾಡ್ಬೇಕು" ಎಂದಳು. "ನನ್ ನಾಲ್ಗೆ... ದಪ್ಪ ಆಗ್ತಿದೆ."

"ನಂಗೆ ಮಾತಾಡಕ್ಕೆ ಬರಲ್ಲ ಗಂಗಾ."

ಹಿಂತಿರುಗಿದೆ. ಕಣ್ಣು ಮುಚ್ಚಿದ್ದವು, ಎದೆ ಸಣ್ಣಗೆ ಏರಿಳಿಯುತ್ತಿತ್ತು. ಅಷ್ಟರಲ್ಲಿ ಗಾಡಿಯ ಓಟ ಇದ್ದಕ್ಕಿದ್ದಂತೆ ಕುಸಿಯಿತು. ಅಂಕಿ ಇಪ್ಪತ್ತಕ್ಕೆ ಇಳಿದರೆ ಕಂಟ್ರೋಲರ್ ತಾನೇ ಕರೆಂಟು ಬಿಗಿಹಿಡಿಯುವಂತೆ ದಸ್ತಗಿರಿ ಕಟ್ಟು ಹಾಕಿದ್ದ, ಬ್ಯಾಟರಿ ಹಾಳಾಗಬಾರದೆಂದು. ಐವತ್ತರ ವೇಗದಲ್ಲಿದ್ದ ಗಾಡಿ ಹದಿನೈದಕ್ಕೆ ಬಂತು. ವೇಗ ಕೊಡುವ ಹಿಡಿಯನ್ನು ಎಷ್ಟು ತಿರುಚಿದರೂ ಅಷ್ಟೇ. ಪರದೆಯಲ್ಲಿ ಹತ್ತೊಂಬತ್ತು. ಹದಿನೆಂಟು. ಮುಂದೆ ಸೇತುವೆಯೇ ಇನ್ನೂ ಬಂದಿರಲಿಲ್ಲ.

ಬಿಂದಿ ನನ್ನ ಬೆರಳಿಗೇ ಅಂಟಿಕೊಂಡಿತ್ತು. ಅದನ್ನು ಅಂಕಿಯ ಮೇಲೆ ಒತ್ತಿ ಅಂಟಿಸಿದೆ. ಬಾಯಿ ತೆರೆದೆ. ಏನು ಹೇಳಲಿ? ನನ್ನ ಬಳಿ ಬೆಕ್ಕಿಲ್ಲ, ಅಕ್ಕನಿಲ್ಲ, ಉಪ್ಪಿನಕಾಯಿಯ ಬಗ್ಗೆ ಒಂದು ಅಭಿಪ್ರಾಯವೂ ಇಲ್ಲ. ನನಗೆ ಗೊತ್ತಿದ್ದದ್ದು ನಾನು ಕೂತಿದ್ದ ಗಾಡಿ ಒಂದೇ.

"ಗಾಡಿಗೆ ಏನ್ ಮಾಡಿದ್ರಿ ಅಂತ ಕೇಳಿದ್ಯಲ್ಲ," ಎಂದೆ, "ಹೇಳ್ತೀನಿ ಕೇಳು. ಹೊಸಾ ಕಂಟ್ರೋಲರ್ ಬಂತಲ್ಲ, ಅದ್ರ ಜೊತೆ ಒಂದು ಚೀಟಿನೂ ಇರ್ಲಿಲ್ಲ. ಮೋಟಾರಿಂದ ಮೂರು ದಪ್ಪ ತಂತಿ ಬರ್ತವೆ. ಹಳದಿ, ಹಸಿರು, ನೀಲಿ. ಪೆಟ್ಟಿಗೆಯಿಂದ್ಲೂ ಅದೇ ಮೂರು ಬಣ್ಣ. ಹಳದಿಗೆ ಹಳದಿ, ಹಸಿರಿಗೆ ಹಸಿರು, ಇದ್ರಲ್ಲೇನಿದೆ ಅಂತ ನಾನಂದೆ. ದಸ್ತಗಿರಿ ಬೀಡಿ ಹಚ್ಚಿ, ಜೋಡ್ಸು ನೋಡಣ ಅಂದ. ಜೋಡಿಸ್ದೆ. ಹಿಡಿ ತಿರುಗಿಸಿದ್ರೆ ಚಕ್ರ ತಿರುಗ್ಲಿಲ್ಲ, ಗುರ್ರ್ ಅಂತು. ನಿಮ್ಮಪ್ಪ ಊಟಕ್ಕೆ ಕರೆದ್ರೆ ಗುರ್ರ್ ಅಂತಿದ್ರಲ್ಲ, ಹಂಗೇ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಮಾವನ ಬಗ್ಗೆ ಇಪ್ಪತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ.

"ಈ ಬಣ್ಣ ನಂಬಬಾರ್ದು, ಪೆಟ್ಟಿಗೆ ಮಾಡಿದೋನಿಗೆ ಹಳದಿ ಅಂದ್ರೆ ಬೇರೆ ಅರ್ಥ, ಮೋಟಾರು ಮಾಡಿದೋನಿಗೆ ಬೇರೆ ಅಂತ ದಸ್ತಗಿರಿ ಅಂದ. ಸರಿ, ಹಳದಿನ ಹಸಿರಿಗೆ ಹಾಕಿದ್ವಿ. ನಡುಗ್ತು. ಅದ್ನ ಬಿಟ್ಟು ಇನ್ನೊಂದು ಥರ ಹಾಕಿದ್ವಿ. ನುಣ್ಣಗೆ, ಸದ್ದೇ ಇಲ್ದಂಗೆ ತಿರುಗ್ತು. ನನಗೆ ಎಷ್ಟು ಖುಷಿ ಆಯ್ತು ಅಂತೀಯ. ಚಕ್ರ ಎತ್ತಿ ಜಾಕ್ ಮೇಲಿಟ್ಟಿದ್ವಲ್ಲ, ಯಾವ ಕಡೆಗೆ ತಿರುಗ್ತಿದೆ ಅಂತ ಇಬ್ರೂ ನೋಡ್ಲಿಲ್ಲ. ಜಾಕ್ ತೆಗೆದ್ವಿ. ನಾನು ಜಂಬದಿಂದ ಹತ್ತಿ ಕೂತು ಹಿಡಿ ತಿರುಗಿಸ್ದೆ."

ಹಿಂತಿರುಗಿ ನೋಡದೆ ಮುಂದಿನದನ್ನೂ ಹೇಳಿದೆ.

"ಗಾಡಿ ಹಿಂದಕ್ಕೆ ಹೋಯ್ತು ಗಂಗಾ. ಹಿಂದೆ ನಿನ್ನ ನುಗ್ಗೆ ಮರ ಇತ್ತು. ಗಾಳಿಗೆ ಬೀಳ್ಲಿಲ್ಲ ಅದು. ಅವತ್ತು ಒಂದೆಲೆ ಅಲ್ಲಾಡುವಷ್ಟೂ ಗಾಳಿ ಇರ್ಲಿಲ್ಲ. ಚಕ್ರದ ಗುರುತು ನಿನಗೆ ಕಾಣಬಾರ್ದು ಅಂತ ಬ್ಯಾಟರಿ ಅಲ್ಲಿ ಪೇರಿಸಿಟ್ಟೆ. ದಸ್ತಗಿರಿ ಮರದ ಕೊಂಬೆ ಒಳಗೆ ಸಿಕ್ಕೊಂಡು, ಬೀಡಿನೂ ಬಿಡ್ದೆ, ಚಿಕ್ಕೀರಣ್ಣ ಹಳದಿ ತಂತಿದು ಜಾಗ ತಪ್ಪಾಯ್ತು ಅಂತ ಕೂಗ್ತಿದ್ದ. ಅವನ ತಲೆ ಮೇಲೆಲ್ಲ ನುಗ್ಗೆ ಹೂವು."

ನನಗೆ ನಗು ಬಂತು. ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ. ಚಕ್ರದಡಿ ಏನೋ ಗಡಗಡ ಎಂದಿತು, ಸೇತುವೆಯಿರಬೇಕು, ನೋಡಲಿಲ್ಲ. ನೋಡಲು ಪುರುಸೊತ್ತಿರಲಿಲ್ಲ, ಕಥೆ ಇನ್ನೂ ಇತ್ತು. ಕೊಂಬೆ ಕಡಿದು ದಸ್ತಗಿರಿಯನ್ನು ಬಿಡಿಸಿದ್ದು ಹೇಳಿದೆ. ದಪ್ಪ ತಂತಿ ಬದಲಾಯಿಸಿದರೆ ಮಾತ್ರ ಸಾಲದು, ಚಕ್ರ ಎಲ್ಲಿದೆಯೆಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವ ಸಣ್ಣ ತಂತಿಗಳೂ ಇವೆ, ಅವನ್ನೂ ಅದಲುಬದಲು ಮಾಡಿ ಮತ್ತೆ ಮೊದಲಿನಿಂದ ಹುಡುಕಬೇಕು ಎಂದು ಅವನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದ್ದು ಹೇಳಿದೆ. ಆ ಬರಹವನ್ನು ಅಳಿಸಲು ಅವಳ ಹೊಸ ಟವೆಲ್ ಬಳಸಿದ್ದನ್ನೂ ಹೇಳಿದೆ. ಹೇಳಲು ಇಷ್ಟೊಂದು ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ. ಗಾಡಿ ಹದಿನೈದರ ವೇಗದಲ್ಲಿ ಹೋಗುತ್ತಲೇ ಇತ್ತು.

"ಎರಡನೇ ದಿನ ಸಾಯಂಕಾಲ ಹಳದಿ ತಂತಿ ಒಂದೇ ಉಳೀತು. ದಸ್ತಗಿರಿ ಅದನ್ನ ಕೈಲಿ ಹಿಡ್ಕೊಂಡು, ಈಗ ನೀನೇ ಹೇಳು ಚಿಕ್ಕೀರಣ್ಣ, ಇದು ಎಲ್ಲಿಗೆ ಹೋಗ್ಬೇಕು ಅಂದ. ನಾನು..."

"ಚಿಕ್ಕೀರಣ್ಣಾ! ಓ ಚಿಕ್ಕೀರಣ್ಣಾ! ಎತ್ಲಾಗೆ ಹೋಗ್ತಿದೀಯ?"

ಬೆಚ್ಚಿ ಬ್ರೇಕು ಹಾಕಿದೆ. ಹಿಂದೆ ಖಾಕಿ ಅಂಗಿಯವನೊಬ್ಬ ಕೈ ಬೀಸುತ್ತ ಬರುತ್ತಿದ್ದ. ಆಸ್ಪತ್ರೆಯ ಕಾವಲಿನ ತೋಪಯ್ಯ. ತಲೆಯೆತ್ತಿದರೆ ನೀರಿನ ಟ್ಯಾಂಕು ನಮ್ಮ ನೆತ್ತಿಯ ಮೇಲಿತ್ತು. ಗೇಟು ದಾಟಿ ಮುಂದೆ ಬಂದುಬಿಟ್ಟಿದ್ದೆ.

ಅವರು ಅವಳನ್ನು ಓಡುತ್ತ ಒಳಗೆ ಒಯ್ದರು. ಆಸ್ಪತ್ರೆಯ ಒಳಗಿನ ನೆಲ ಉದ್ದವಾಗುವುದಿಲ್ಲ, ಅಲ್ಲಿ ಓಡಬಹುದು. ಔಷಧಿ ಏರಿಸಿದರು, ಉಸಿರಿಗೆ ಗಂಟಲೊಳಗೆ ನಳಿಗೆ ಹಾಕಿದರು. ಇನ್ನೊಂದು ಕಾಲುಗಂಟೆ ತಡವಾಗಿದ್ದರೆ ಎಂದು ಡಾಕ್ಟರಮ್ಮ ಶುರು ಮಾಡಿದರು, ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಹೊರಗೆ ಬಂದು ಗಾಡಿಯ ಬಿಂದಿಯನ್ನು ಒಂದು ಅಂಚಿನಲ್ಲಿ ಎತ್ತಿ ನೋಡಿದೆ. ಹದಿನೈದು ಉಳಿದಿತ್ತು. ಸೇತುವೆಯ ಆಚೆಯಿಂದ ಇಲ್ಲಿಗೆ ಬರಲು ಮೂರೇ ಮೂರು ಖರ್ಚಾಗಿತ್ತು.

ಎರಡು ದಿನ ಅವಳ ಹಾಸಿಗೆಯ ಪಕ್ಕ ಕೂತಿದ್ದೆ. ಆಚಾರಿಯ ಹೆಂಡತಿಗೆ ಏನು ಹೇಳಬೇಕೆಂದು ಅಲ್ಲೇ ಕೂತು ಯೋಚಿಸಿದೆ. ಹೇಳಲೇಬೇಕು ಎಂಬುದು ಮಾತ್ರ ಖಚಿತವಾಯಿತು. ಮೂರನೆಯ ಬೆಳಿಗ್ಗೆ ನಳಿಗೆ ತೆಗೆದರು. ಅವಳು ನನ್ನ ಕಡೆ ತಿರುಗಿದಳು. ದನಿ ಹರಿದ ಕಾಗದದಂತಿತ್ತು.

"ಗಾಳಿಗೆ ಬಿತ್ತು ಅಂದಿದ್ರಿ" ಎಂದಳು.

ನಾನು ತಲೆ ತಗ್ಗಿಸಿದೆ.

"ನನ್ನ ಹೊಸಾ ಟವೆಲ್ಲು."

"ಹೂಂ."

ಅವಳು ಉಗುಳು ನುಂಗಿ, ನೋವಿಗೆ ಮುಖ ಕಿವುಚಿ, ಸ್ವಲ್ಪ ಸುಧಾರಿಸಿಕೊಂಡಳು. "ಆ ಹಳದಿ ತಂತಿ," ಎಂದಳು, "ಕೊನೆಗೆ ಎಲ್ಲಿಗೆ ಹಾಕಿದ್ರಿ?"

ನೀಲಿಗೆ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಇಪ್ಪತ್ತು ವರ್ಷ ಹಾಗೇ ಹೇಳಿಕೊಂಡು ಬಂದವನು. ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡೆ, ಅವಳ ಎಡಗೈ ಹಿಡಿದುಕೊಂಡೆ, ಮೊದಲಿನಿಂದ ಶುರು ಮಾಡಿದೆ.